ನಡುಗುವ ಕೈಗೊಂದು ದುರ್ಬೀನು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಅದರಿಂದಲೇ ನಾನು ತಲೆ ತಗ್ಗಿಸಬೇಕಾಗಿ ಬಂತು. ತಿಕೋಟಾದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಒಂದು ಕಾಲಕ್ಕೆ ನಾನು ಬೋರ್ಡಿನ ಮೇಲೆ ಬರಿಗೈಯಿಂದ ಎಳೆದ ವೃತ್ತವನ್ನು ನೋಡಿ ಕಂಪಾಸು ಇಟ್ಟು ಎಳೆದದ್ದೆಂದು ಹೊಸ ಮಾಸ್ತರರು ತಿಳಿಯುತ್ತಿದ್ದರು. ಐವತ್ತು ದಾಟಿದ ಮೇಲೆ ಆ ವೃತ್ತ ಬದನೆಕಾಯಿ ಆಗತೊಡಗಿತು. ಮೊದಲು ಬಲಗೈ ನಡುಗಿತು, ಆಮೇಲೆ ಎಡಗೈಯೂ ಜೊತೆಗೆ ಸೇರಿತು. ಚಹಾದ ಕಪ್ಪು, ಬಶಿ ಒಂದಕ್ಕೊಂದು ತಾಗಿ ಕಟಕಟ ಎನ್ನುವುದು ಯಾರಿಗೂ ಕೇಳಬಾರದೆಂದು ಸ್ಟಾಫ್ ರೂಮಿನಲ್ಲಿ ಚಹಾ ಬೇಡ ಎನ್ನತೊಡಗಿದೆ. ಅಸಿಡಿಟಿ ಎಂದು ಸುಳ್ಳು ಹೇಳಿದೆ.

ವಿಜಯಪುರದ ವೈದ್ಯರು ಕೈ ಚಾಚಿಸಿ ನೋಡಿ, ಇದರಿಂದ ಜೀವಕ್ಕೇನೂ ಅಪಾಯವಿಲ್ಲ, ಆದರೆ ಪೂರ್ತಿ ಹೋಗುವುದೂ ಇಲ್ಲ ಎಂದರು. ಮನೆತನದಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ಕೇಳಿದರು. ಯಾರಿಗೂ ಇಲ್ಲ ಎಂದು ಗಟ್ಟಿಯಾಗಿ ಹೇಳಿದೆ, ಮನೆತನದ ಮರ್ಯಾದೆ ಉಳಿಸಿದವನ ಹಾಗೆ.

ಚಹಾ ತಪ್ಪಿದ್ದಕ್ಕೆ ಅಷ್ಟು ಬೇಸರವಿರಲಿಲ್ಲ. ಹಕ್ಕಿಗಳು ತಪ್ಪಿದವು, ಸಂಕಟ ಅದು. ಪ್ರತಿ ಚಳಿಗಾಲ ಬಬಲೇಶ್ವರದ ಕಡೆಯ ಕೆರೆಗೆ ದೂರ ದೇಶದಿಂದ ಹೆಬ್ಬಾತುಗಳು ಬರುತ್ತವೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಅದೇ ಅವುಗಳ ಗುರುತು. ಚಿಕ್ಕವನಿದ್ದಾಗ ಅವನ್ನು ನನಗೆ ತೋರಿಸಿದವನು ಕಾಖಂಡಕಿಯಲ್ಲಿ ಕುರಿ ಕಾಯುವ ನನ್ನ ಸೋದರಮಾವ. ಕೋಲು ಊರಿ, ಅದರ ತುದಿಗೆ ಎರಡೂ ಕೈ ಹೊಂದಿಸಿ, ಕೈಮೇಲೆ ಗದ್ದ ಇಟ್ಟು ನಿಂತನೆಂದರೆ ಅವನು ಗಳಿಗೆಗಟ್ಟಲೆ ಅಲುಗಾಡುತ್ತಿರಲಿಲ್ಲ. ತಲೆ ಮೇಲೆ ಎರಡು ಗೀಟು ಇವೆ ಎನ್ನುತ್ತಿದ್ದ. ನನಗೆ ಕಾಣುತ್ತಿರಲಿಲ್ಲ, ಆದ್ದರಿಂದ ನಂಬುತ್ತಿರಲಿಲ್ಲ. ಮೊದಲ ಸಂಬಳದಲ್ಲಿ ದುರ್ಬೀನು ಕೊಂಡು ನೋಡಿದಾಗಲೇ ನಂಬಿದ್ದು.

ಈಗ ಅದೇ ದುರ್ಬೀನಿನಲ್ಲಿ ಹೆಬ್ಬಾತುಗಳು ಕುದಿಯುವ ಎಸರಿನೊಳಗಿನ ಅಕ್ಕಿಯ ಹಾಗೆ ಕುಣಿಯುತ್ತಿದ್ದವು. ಮೂರು ಚಳಿಗಾಲ ಪಟ್ಟೆ ಕಾಣಲಿಲ್ಲ. ಹಕ್ಕಿ ಬಂದಿವೆಯೇ ಎಂದು ಮಾವ ಫೋನಿನಲ್ಲಿ ಕೇಳಿದರೆ, ಈ ವರ್ಷ ಬಹಳ ಬಂದಿಲ್ಲ ಎಂದು ಅಲ್ಲೂ ಸುಳ್ಳು ಹೇಳಿದೆ.

ನಡುಕ ತಡೆಯುವ ದುರ್ಬೀನು ಬಂದಿದೆಯೆಂದು ಫೋನಿನಲ್ಲಿ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಸೊಲ್ಲಾಪುರ ರಸ್ತೆಯ ಝೆರಾಕ್ಸ್ ಅಂಗಡಿಯಲ್ಲಿ ಐದು ಮಾದರಿಗಳ ವಿವರ ಅಚ್ಚು ಹಾಕಿಸಿ ತಂದೆ. ವಿಜಯಪುರದ ಜಲನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಅವನ್ನು ಹರವಿಕೊಂಡು, ಎಲ್ಲಕ್ಕೂ ದೊಡ್ಡ ಅಂಕಿಯ ಕೆಳಗೆ ಗೆರೆ ಎಳೆದೆ. ಇಪ್ಪತ್ತು ಪಟ್ಟು. ಮೂವತ್ತು ವರ್ಷ ಗಣಿತ ಕಲಿಸಿದವನ ಬುದ್ಧಿ ಅಷ್ಟೇ ಓಡಿತು.

ಎದುರಿಗೆ ಮೆಂತ್ಯೆಪಲ್ಯದ ಸೊಪ್ಪು ಸೋಸುತ್ತ ಕೂತಿದ್ದ ನನ್ನ ಹೆಂಡತಿ ಕ್ಲಿನಿಕ್ಕೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು. ದಿನವಿಡೀ ಅವಳ ಕಣ್ಣು ಸೂಕ್ಷ್ಮದರ್ಶಕಕ್ಕೆ ಅಂಟಿರುತ್ತದೆ. ಗೆರೆ ನೋಡಿದವಳೇ ಹೇಳಿದಳು:

“ದೊಡ್ಡದ ಮಾಡಿದ್ರ ಬರೇ ಹಕ್ಕಿ ದೊಡ್ಡದಾಗೂದಿಲ್ರಿ, ನಿಮ್ಮ ಕೈ ನಡುಗೂದೂ ದೊಡ್ಡದಾಗತೈತಿ.”

ಅವಳ ಮೇಜಿಗೆ ಯಾರದಾದರೂ ಮೊಣಕೈ ತಾಗಿದರೆ ಗಾಜಿನ ಕೆಳಗಿನ ರಕ್ತಕಣಗಳೆಲ್ಲ ದಿಕ್ಕಾಪಾಲಾಗಿ ಓಡುತ್ತವಂತೆ. ಹಾಗಾಗಿ ಇಪ್ಪತ್ತನ್ನು ಹೊಡೆದು ಹಾಕಿ ಹತ್ತಕ್ಕೆ ಇಳಿದೆವು. ಹತ್ತು ಗುಣಿಸು ಮೂವತ್ತು ಎಂದಿತ್ತು. ಹತ್ತು ಎಂದರೆ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು, ಮೂವತ್ತು ಎಂದರೆ ಮುಂದಿನ ಗಾಜು ಎಷ್ಟು ಮಿಲಿಮೀಟರು ಅಗಲ ಎಂಬುದು. ಮೂವತ್ತನ್ನು ಹತ್ತರಿಂದ ಭಾಗಿಸಿದರೆ ಮೂರು. ಕಣ್ಣಿಗೆ ಬಂದು ಮುಟ್ಟುವ ಬೆಳಕಿನ ಅಗಲ ಅದು. ಒಳ್ಳೆಯ ಬಿಸಿಲಿನಲ್ಲಿ ನಮ್ಮ ಕಣ್ಣಿನ ಪಾಪೆಯೂ ಹೆಚ್ಚುಕಡಿಮೆ ಅಷ್ಟಕ್ಕೇ ಕುಗ್ಗುವುದರಿಂದ ಸಾಕಾಗುತ್ತದೆ, ಕತ್ತಲಾಗುತ್ತ ಬಂದರೆ ಮಬ್ಬು ಎಂದಳು. ವಿಜಯಪುರ ಜಿಲ್ಲೆಯಲ್ಲಿ ಬಿಸಿಲಿಗೇನು ಬರ? ಕತ್ತಲಾದ ಮೇಲೆ ಹಕ್ಕಿಗಳೂ ಮಲಗುತ್ತವೆ, ನೀವೂ ಮನೆಗೆ ಬನ್ನಿ ಎಂದು ಕಾಲೆಳೆದಳು. ನಾನು ಚಷ್ಮಾ ಹಾಕುವವನಾದ್ದರಿಂದ, ಕಣ್ಣು ಗಾಜಿನಿಂದ ಎಷ್ಟು ದೂರದವರೆಗೆ ಇದ್ದರೂ ಪೂರ್ತಿ ಚಿತ್ರ ಕಾಣುತ್ತದೆ ಎಂಬುದನ್ನು ಹೇಳುವ ಸಾಲಿಗೂ ಅವಳೇ ಬೆರಳಿಟ್ಟಳು. ಆ ದೂರ ಕಡಿಮೆ ಇದ್ದ ಎರಡು ಮಾದರಿಗಳು ಅಲ್ಲಿಗೇ ಬಿದ್ದುಹೋದವು.

ನಿಜವಾಗಿ ನನಗೆ ಬೇಕಾದ ಸಾಲು ಎಲ್ಲಕ್ಕೂ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ನಡುಕ ತಡೆಯುವ ಕೋನ, ಎರಡು ಡಿಗ್ರಿ. ನಾನು ಈ ಕಡೆ ನಡುಗಿದರೆ ಒಳಗಿನ ಗಾಜು ಆ ಕಡೆ ವಾಲಿ ಸರಿದೂಗಿಸುತ್ತದೆ, ಆದರೆ ಎರಡು ಡಿಗ್ರಿಯವರೆಗೆ ಮಾತ್ರ. ನನ್ನ ನಡುಕ ಎಷ್ಟು ಡಿಗ್ರಿ? ಅದನ್ನು ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ಹೆಂಡತಿ ಪಲ್ಯದ ಬುಟ್ಟಿ ಬದಿಗಿಟ್ಟು, ಸಾಲೆಯ ಲೇಸರ್ ಕಡ್ಡಿಯನ್ನು ನನ್ನ ಎರಡೂ ಕೈಗೆ ಕೊಟ್ಟು, ಹತ್ತು ಅಡಿ ದೂರದ ಗೋಡೆಗೆ ಹಿಡಿಯಲು ಹೇಳಿದಳು. ಕೆಂಪು ಚುಕ್ಕೆ ಎಲ್ಲಿಂದ ಎಲ್ಲಿಗೆ ಓಡುತ್ತದೋ ಅಲ್ಲೆಲ್ಲ ಪೆನ್ಸಿಲಿನಿಂದ ಗುರುತು ಹಾಕಿದಳು. ನಾಲ್ಕು ಬೆರಳಗಲ. ಲೆಕ್ಕ ಹಾಕಿದರೆ ನಡುವಿನಿಂದ ಆಚೆಗೂ ಈಚೆಗೂ ಒಂದು ಡಿಗ್ರಿಯೂ ಆಗಲಿಲ್ಲ. ಮೂರು ವರ್ಷ ಬಚ್ಚಿಟ್ಟದ್ದು ಇಷ್ಟೇ ಏನು ಎನಿಸಿ ನನಗೆ ನಗುವೂ ಬಂತು, ಅಳುವೂ ಬಂತು. ಅವಳು ಮತ್ತೆ ಪಲ್ಯದ ಮುಂದೆ ಕೂತಳು. ಆ ಗುರುತುಗಳನ್ನು ನಾನು ಇನ್ನೂ ಅಳಿಸಿಲ್ಲ; ಅವಳ ಉಪಕಾರಕ್ಕೆ ನನ್ನಲ್ಲಿರುವ ಸಾಕ್ಷಿ ಅವು.

ಉಳಿದ ಎರಡರಲ್ಲಿ ಒಂದಕ್ಕೆ ಎಂಥದೋ ವಿಶೇಷ ಬ್ಯಾಟರಿ ಬೇಕು. ಇನ್ನೊಂದಕ್ಕೆ ಕಾಖಂಡಕಿಯ ಕಿರಾಣಿ ಅಂಗಡಿಯಲ್ಲೂ ಸಿಗುವ ಪೆನ್ಸಿಲ್ ಸೆಲ್ ಸಾಕು. ಅದನ್ನೇ ತರಿಸಿದೆವು. ಅಂಗೈಗಿಂತ ಸ್ವಲ್ಪ ದೊಡ್ಡದು, ಅರ್ಧ ಕಿಲೋ ತೂಕ.

ಅದು ಬಂದದ್ದು ಮಹಾನವಮಿಯ ಹಿಂದಿನ ದಿನ. ಹೊಸ ಸಾಮಾನಿಗೆ ಖಂಡೆಪೂಜೆ, ಅಂದರೆ ಆಯುಧಪೂಜೆ, ಆಗದೆ ಬಳಸಬಾರದು ಎನ್ನುವುದು ಮಾವನ ಕಟ್ಟಳೆ, ಆದ್ದರಿಂದ ಇಬ್ಬರೂ ಕಾಖಂಡಕಿಗೆ ಹೋದೆವು. ಮಾವ ಕಂಬಳಿ ಹಾಸಿ ಕೊಡಲಿ, ಕುಡಗೋಲು, ಉಣ್ಣೆ ಕತ್ತರಿಗಳ ಸಾಲಿನಲ್ಲಿ ದುರ್ಬೀನನ್ನೂ ಇಟ್ಟ. ಗಾಜಿಗೆ ಮಾತ್ರ ಏನೂ ಹಚ್ಚಬೇಡ ಎಂದು ನಾನು ಎರಡು ಸಲ ಹೇಳಿದ್ದೆ. ಅವನು ಭಂಡಾರದ ಅರಿಶಿನದಲ್ಲಿ ಬೆರಳು ಅದ್ದಿದ. ಮರುಗಳಿಗೆ ನೋಡಿದರೆ ಮುಂದಿನ ಎರಡೂ ಗಾಜುಗಳ ತುಂಬ ಅರಿಶಿನ.

ನಾನು ಕೂಗಾಡಿದೆ. ಅದು ಮಳೆಹನಿ ತಡೆಯುತ್ತದೆ ಎಂದು ಕಾಗದದಲ್ಲಿ ಬರೆದಿದೆ, ಭಂಡಾರ ತಡೆಯುತ್ತದೆ ಎಂದು ಬರೆದಿಲ್ಲ ಎಂದೆ. ವಯಸ್ಸಾದವರಿಗೆ ಹೇಳಿದ ಮಾತು ತಲೆಗೆ ಹೋಗುವುದಿಲ್ಲ ಎಂದೂ ಅಂದೆ. ಈಗ ನೆನೆದರೂ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಮಾವ ಸಿಟ್ಟಾಗಲಿಲ್ಲ, ತನ್ನ ಬೆರಳನ್ನೇ ನೋಡುತ್ತ ಕೂತ.

“ಗಾಜಿನ ಮ್ಯಾಲಿನ ಹಣಿಗೆ ಹಚ್ಚಾಕ ಹ್ವಾದ್ನೆಪ್ಪಾ. ಬೆರಳ ನಿಂದರಲಿಲ್ಲ.”

ಆಗ ಅವನ ಕೈ ನೋಡಿದೆ. ನಡುಗುತ್ತಿತ್ತು, ನನ್ನದರ ಹಾಗೆಯೇ. ಚಹಾವನ್ನು ಅವನು ಸದಾ ಬಟ್ಟಲಿಗೆ ಸುರಿದು ಎರಡೂ ಕೈಯಲ್ಲಿ ಹಿಡಿದು ಕುಡಿಯುವುದು ನೆನಪಾಯಿತು. ಅದನ್ನು ನಾನು ಹಳ್ಳಿಯ ರೂಢಿ ಎಂದುಕೊಂಡಿದ್ದೆ. ನನ್ನ ಕೈಯನ್ನು ಅವನ ಕೈಯ ಪಕ್ಕದಲ್ಲಿ ಚಾಚಿದೆ.

“ನಿನಗೂ ಬಂತನು?” ಎಂದ.

“ಮೂರ ವರ್ಷಾತು, ಮಾವಾ.”

“ನನಗ ನಲವತ್ತೈದಾತು. ಮತ್ತ ಕೋಲಿನ ಮ್ಯಾಲ ಗದ್ದ ಯಾಕ ಇಡತೇನಿ ಅಂತ ತಿಳದಿದ್ದಿ?”

ಇಷ್ಟು ವರ್ಷ ಯಾರಿಗೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕುರಿ ಕೇಳಲಿಲ್ಲ, ನಾನು ಹೇಳಲಿಲ್ಲ ಎಂದು ನಕ್ಕ. ನಾನು ಅವನ ಕಾಲು ಮುಟ್ಟಿದೆ. ಅಷ್ಟರಲ್ಲಿ ಹೆಂಡತಿ ದುರ್ಬೀನು ಎತ್ತಿಕೊಂಡು, ಉಜ್ಜಿದರೆ ಗೀರು ಬೀಳುತ್ತದೆಂದು ಮೊದಲು ಪುಡಿಯನ್ನು ಊದಿ ಹಾರಿಸಿ, ಆಮೇಲೆ ಮೆತ್ತನೆಯ ಬಟ್ಟೆಯಿಂದ ಒರೆಸಿದಳು. ಗಾಜಿಗೇನೂ ಆಗಿರಲಿಲ್ಲ. ಅಂಚಿನ ಸಂದಿಯಲ್ಲಿ ಒಂದಿಷ್ಟು ಹಳದಿ ಉಳಿಯಿತು.

ಆ ಚಳಿಗಾಲ ಮೂವರೂ ಕೆರೆಗೆ ಹೋದೆವು. ಗುಂಡಿ ಒತ್ತಿದೆ. ಕುಣಿಯುತ್ತಿದ್ದ ಹೆಬ್ಬಾತುಗಳು ಒಮ್ಮೆಲೇ ನೀರಿನ ಮೇಲೆ ನಿಂತವು, ಎರಡು ಪಟ್ಟೆಗಳೂ ಕಂಡವು. ಒಂದೇ ಹಕ್ಕಿಯನ್ನು ನೋಡಿ ದುರ್ಬೀನನ್ನು ಮಾವನಿಗೆ ಕೊಟ್ಟೆ. ಅವನು ಕೋಲನ್ನು ನನಗೆ ಕೊಟ್ಟು, ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಕೈ ನಡುಗುತ್ತಲೇ ಇತ್ತು.

“ಗೀಟು ಇನ್ನೂ ಎರಡ ಅದಾವ ನೋಡ,” ಎಂದ. ವಯಸ್ಸಿನಿಂದ ಕಣ್ಣು ಮಂಜಾಗಿ ಅವನೂ ಅವನ್ನು ಕಾಣದೆ ಎಷ್ಟೋ ವರ್ಷವಾಗಿತ್ತೆಂದು ನನಗೆ ಆಗ ತಿಳಿಯಿತು.

ಮುಂದಿನ ಸಲ ವೈದ್ಯರು ಕೇಳದಿದ್ದರೂ ನಾನೇ ಹೇಳಿದೆ, ಮನೆತನದಲ್ಲಿ ಇದೆ ಎಂದು. ಸ್ಟಾಫ್ ರೂಮಿನಲ್ಲಿ ಈಗ ಚಹಾ ಬೇಡ ಎನ್ನುವುದಿಲ್ಲ. ಮನೆಯಿಂದ ಒಂದು ಸ್ಟೀಲಿನ ಬಟ್ಟಲು ಒಯ್ದಿಟ್ಟಿದ್ದೇನೆ, ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತೇನೆ. ಯಾರಾದರೂ ಕೇಳಿದರೆ ನನ್ನ ಮಾವ ಕಲಿಸಿದ್ದು ಎನ್ನುತ್ತೇನೆ.