ಕೀಳದೆ ತೋರಿಸಿದ ಬೇರು

ನನ್ನ ಗಂಡ ಸಿದ್ದಾರೂಢ ಮಾಸ್ತರ ಹೋದ ಶ್ರಾವಣದಲ್ಲಿ ತೀರಿಕೊಂಡರು. ಒಳ್ಳೆಯವರು, ದೇವರಂಥವರು ಎಂದು ಮಣ್ಣಿಗೆ ಬಂದವರೆಲ್ಲ ಹೇಳಿದರು. ದೇವರಂಥವರಲ್ಲ. ಹಟಮಾರಿ. ಉಪ್ಪು ಕಡಿಮೆಯಾದರೆ ತಾಟು ಸರಿಸುವವರು. ಆದರೆ ಪಾಠ ಮಾಡುವುದರಲ್ಲಿ ಅವರಂಥವರನ್ನು ನಾನು ನೋಡಿಲ್ಲ. ಅದನ್ನೇ ಹೇಳುತ್ತೇನೆ.

ಅವರು ಮನಗೂಳಿಯವರು. ಅಪ್ಪನದು ಅಡತಿ ಅಂಗಡಿ. ಜೋಳವನ್ನು ಚೀಲದಲ್ಲಿ ನೋಡಿ ಬೆಳೆದವರೇ ಹೊರತು ಹೊಲದಲ್ಲಿ ನೋಡಿದವರಲ್ಲ. ನೌಕರಿ ಸಿಕ್ಕಿದ್ದು ದೇವಣಗಾಂವದ ಆಚೆ, ನಮ್ಮೂರಲ್ಲಿ. ನಾಲ್ಕನೇ ಇಯತ್ತೆ ತನಕದ ಶಾಲೆ, ಒಬ್ಬರೇ ಮಾಸ್ತರ. ನನ್ನನ್ನು ಮದುವೆಯಾಗಿ ಊರಲ್ಲೇ ಉಳಿದರು.

ಗಿಡದ ಭಾಗಗಳು ಎಂಬ ಪಾಠ ಬಂತೆಂದರೆ ನನ್ನ ಅಡಿಗೆಮನೆ ಖಾಲಿ. ಗಜ್ಜರಿ ಬೇರು ಎಂದು ಅದನ್ನು ಒಯ್ದರು. ಪುಂಡಿಪಲ್ಯ ಎಲೆ ಎಂದು ಅದನ್ನೂ ಒಯ್ದರು. ಬದನೆಕಾಯಿ ಕಾಯಿಯೇ, ಅದನ್ನೂ ಬಿಡಲಿಲ್ಲ.

"ಏನ್ರಿ, ಮಧ್ಯಾಹ್ನ ಪಲ್ಯಕ್ಕ ಏನ್ ಹಾಕಲಿ?" ಎಂದೆ.

"ಬದನಿಕಾಯಿ ಸಾಲಿಗಿ ಹೋಗ್ಯಾವ. ಸಾಲಿ ಬಿಟ್ಟ ಮ್ಯಾಲ ಬರ್ತಾವ, ಆಗ ಮಾಡ."

ಎಲ್ಲ ಹುಡುಗರ ಕೈ ದಾಟಿ, ಬಾಡಿ ಬಂದವು. ಅವನ್ನೇ ಎಣ್ಣೆಗಾಯಿ ಮಾಡಿದೆ. ತಾಟು ಸರಿಸದೆ ತಿಂದರು.

ಹಲಗೆಯ ಮೇಲೆ ಗಿಡ ಬರೆಯುತ್ತಿರಲಿಲ್ಲ. "ಬರದ ಗಿಡ ನೀರ್ ಕುಡಿಯೂದಿಲ್ಲ" ಎನ್ನುತ್ತಿದ್ದರು.

ತೊಂಬತ್ತೇಳರ ಮಳೆಗೆ ಶಾಲೆಯ ಮಾಳಿಗೆ ಕುಸಿಯಿತು. ರವಿವಾರ ಬಿತ್ತು, ಮಕ್ಕಳು ಉಳಿದರು. ಊರ ಹಿರಿಯ ರೈತ ಶ್ರೀಶೈಲಪ್ಪ ಕಾಕಾ ತಮ್ಮ ಹೊಲದ ದಂಡೆಗಿದ್ದ ತಗಡಿನ ಪತ್ರಾಸಿನ ಶೆಡ್ಡು ಬಿಟ್ಟುಕೊಟ್ಟರು. ಬಾಡಿಗೆ ಕೇಳಲಿಲ್ಲ. ಆ ಶೆಡ್ಡೂ ಇಲ್ಲವಾದರೆ ಮಕ್ಕಳನ್ನು ಹಳ್ಳದಾಚೆಯ ಊರಿನ ಶಾಲೆಗೆ ಸೇರಿಸುವುದೆಂದು ಮೇಲಿನವರು ಹೇಳಿದ್ದರು. ಗಂಡು ಹುಡುಗರು ಹೋದಾರು. ಹುಡುಗಿಯರನ್ನು ಹಳ್ಳ ದಾಟಿಸಿ ಯಾರು ಕಳಿಸುತ್ತಾರೆ? ನಮ್ಮ ಕಾಲಕ್ಕೆ ಊರಲ್ಲಿ ಮೂರರ ತನಕ ಇತ್ತು, ಮುಂದಿನದು ಹಳ್ಳದಾಚೆ. ನಾನು ಮೂರಕ್ಕೇ ಬಿಟ್ಟೆ.

ಎಳ್ಳಮಾಸಿ, ಅಂದರೆ ಎಳ್ಳ ಅಮಾವಾಸ್ಯೆ, ಹತ್ತಿರ ಬಂದಿತ್ತು. ಬಿಳಿಜೋಳ ಹೊಡೆ ಹಾದು ನಿಂತಿತ್ತು. ಅಂದರೆ ತೆನೆ ಇನ್ನೂ ಸೋಗೆ ಎನ್ನುವ ಎಲೆಯ ಹೊಟ್ಟೆಯೊಳಗೆ. ಆ ಬೆಳೆಯನ್ನು ನಮ್ಮಲ್ಲಿ ಬಸುರಿ ಎನ್ನುತ್ತೇವೆ. ಎಳ್ಳಮಾಸಿಯ ದಿನ ಹೊಲಕ್ಕೆ ಹೋಗಿ, ಬಸುರಿಗೆ ಬಯಕೆ ಊಟ ಬಡಿಸಿದ ಹಾಗೆ ಕಡುಬು, ಸಜ್ಜೆ ರೊಟ್ಟಿ, ಪಲ್ಯ ಎಲ್ಲವನ್ನೂ ಬೆಳೆಯೊಳಗೆ ಚೆಲ್ಲುತ್ತೇವೆ. ಅದಕ್ಕೆ ಚರಗ ಎನ್ನುವುದು. ಚರಗ ಚೆಲ್ಲುವ ತನಕ ನಮ್ಮೂರಲ್ಲಿ ಯಾರೂ ಒಂದು ದಂಟನ್ನೂ ಬೇರುಸಹಿತ ಕೀಳುವುದಿಲ್ಲ. ಮನಗೂಳಿಯಿಂದ ಬಂದ ಇವರಿಗೆ ಅದು ಗೊತ್ತಿರಲಿಲ್ಲ. ಹೇಳಬೇಕೆಂದು ಯಾರಿಗೂ ಹೊಳೆಯುವ ಮಾತಲ್ಲ ಅದು.

ಅವತ್ತು ಬೇರಿನ ಪಾಠ. ಮಕ್ಕಳನ್ನು ಕರೆದುಕೊಂಡು ಶೆಡ್ಡಿನಿಂದ ಹೊಲಕ್ಕೆ ಇಳಿದರು. ಒಂದು ಜೋಳದ ದಂಟನ್ನು ಎರಡೂ ಕೈಯಿಂದ ಹಿಡಿದು ಕಿತ್ತರು. ಮಕ್ಕಳು ಹೋ ಎಂದು ಕೂಗಿದವು. ಹೆದರಿ ಕೂಗಿದ್ದು. ಇವರು ಖುಷಿಗೆ ಎಂದುಕೊಂಡರು. ಬೇರಿನ ಮಣ್ಣು ಝಾಡಿಸಿ ಎತ್ತಿ ತೋರಿಸುತ್ತಿದ್ದಾಗ ಶ್ರೀಶೈಲಪ್ಪ ಕಾಕಾ ಬದುವಿನ ಮೇಲೆ ನಿಂತಿದ್ದರು.

"ಮಾಸ್ತರ, ಬಸರಿನ್ನ ಬುಡಸಹಿತ ಕಿತ್ತೀರಲ್ಲ! ಅನ್ನ ತಿಂತೀರೋ ಏನ್ ತಿಂತೀರಿ?"

"ಒಂದ ಗಿಡ ಐತ್ರಿ ಕಾಕಾ..."

"ಒಂದ ಆದ್ರ ಕೊಲಿ ಅಲ್ಲೇನು? ಎಳ್ಳಮಾಸಿ ಮುಗೀಲಿ. ಮರುದಿನ ಹಲಗಿ, ಗಂಟಿ ಹೊತಗೊಂಡು ಶೆಡ್ಡು ಖಾಲಿ ಮಾಡ್ರಿ."

ಸಂಜೆ ಮನೆಗೆ ಬಂದು ನನಗೆ ಹೇಳಿದರು. ನಾನು ಪದ್ಧತಿ ಏನೆಂದು ತಿಳಿಸಿದೆ.

"ಕಿತ್ತದ್ದು ತಪ್ಪು. ಕಲಿಸಿದ್ದು ತಪ್ಪಲ್ಲ" ಎಂದರು. ದಿನದ ಹಾಗೆಯೇ ಉಂಡರು.

ಬೆಳಿಗ್ಗೆ ಕಾಕಾನ ಮನೆಯ ಕಟ್ಟೆಗೆ ಹೋದರು. ಬಾಯಿಗೆ ಬಾಯಿ ಹತ್ತೀತು ಎಂದು ನಾನೂ ಹಿಂದೆ ಹೋದೆ.

"ಕಾಕಾ, ತಪ್ಪಾಗೈತಿ. ಬೈರಿ."

"ಬೈದ್ರ ಗಿಡ ತಿರುಗಿ ಬರ್ತೈತೇನು?"

"ಇಲ್ಲ್ರಿ. ಆದ್ರ ಹುಡುಗೂರು ಏನ್ ಮಾಡ್ಯಾವ್ರಿ? ಅವು ಬೇರು ನೋಡಬೇಕಾಗಿತ್ತು."

"ಕೀಳದ ನೋಡ್ರಿ, ಯಾರ ಬ್ಯಾಡಂದಾರ?" ಕಾಕಾ ಹಲ್ಲು ಬಿಟ್ಟರು. "ನೆಲದಾಗಿನ ಬೇರು ಕೀಳದ ತೋರಸೋ ಮಾಸ್ತರ ಎಲ್ಲ್ಯಾರ ಅದಾನೇನು?"

"ನಾ ತೋರಸ್ತೇನಿ. ಎಳ್ಳಮಾಸಿ ದಿನ, ನಿಮ್ಮ ಹೊಲದಾಗ, ನಿಮ್ಮ ಎದರಿಗೆ. ಒಂದು ಸೋಗಿ ಹರದ್ರೂ ಶೆಡ್ಡು ಖಾಲಿ. ತೋರಸಿದ್ರ ಸಾಲಿ ಅಲ್ಲೇ ಇರಬೇಕು."

ಕಾಕಾ ನನ್ನ ಕಡೆ ನೋಡಿದರು. "ತಂಗಿ, ನಿನ್ನ ಗಂಡಗ ತಲಿ ಸರಿ ಐತಿಲ್ಲೋ?" ಎಂದರು. ಆಮೇಲೆ "ಆತು" ಎಂದರು.

ದಾರಿಯಲ್ಲಿ ಕೇಳಿದೆ: "ಹ್ಯಾಂಗ ತೋರಸ್ತೀರಿ?"

"ಇನ್ನೂ ಗೊತ್ತಿಲ್ಲ."

ಆಮೇಲೆ ದಿನಾ ಸಂಜೆ ಆ ಹೊಲದ ಬದುವಿನ ಮೇಲೆ ಸುತ್ತಿದರು. ಊರವರು ನಕ್ಕರು. ಒಂದು ಸಂಜೆ ಕುಂಟುತ್ತ ಬಂದರು. ಕಾಲು ಉಳುಕಿತ್ತು, ಮುಖ ಮಾತ್ರ ಹಬ್ಬ.

"ಹೊಲ ಬಾಯಿ ತಗದೈತಿ! ನನ್ನ ಕಾಲ ನುಂಗಿತ್ತು!"

ನಮ್ಮದು ಎರೆ ನೆಲ. ಮಳೆ ನಿಂತು ಚಳಿಗಾಲ ಬಂದರೆ ಕಪ್ಪು ಮಣ್ಣು ಒಣಗಿ ಬಿರಿಯುತ್ತದೆ, ಕೈ ಇಳಿಯುವಷ್ಟು. ಸಾಲುಗಳ ನಡುವೆ ಎತ್ತಿನ ಎಡೆಕುಂಟೆ ಹೊಡೆದು ಆ ಬಿರುಕು ಮುಚ್ಚುತ್ತಾರೆ. ಎತ್ತು ಹೊರಳುವ ಅಂಚಿನಲ್ಲಿ ಕುಂಟೆ ಹಾಯುವುದಿಲ್ಲ. ಅಲ್ಲಿ ಬಿರುಕು ಹಾಗೆಯೇ ಇರುತ್ತದೆ. ಕಾಕಾನ ಹೊಲದ ಬಿರುಕಿಗೆ ಒಂದು ಬದಿ ಜೋಳ, ಇನ್ನೊಂದು ಬದಿ ಒಂದು ಸಾಲು ಕುಸುಬಿ.

ಎಳ್ಳಮಾಸಿ ಬಂತು. ಊರೆಲ್ಲ ಹೊಲದಲ್ಲಿ. ಕಾಕಾ ಪೂಜೆ ಮಾಡಿ ಬುಟ್ಟಿ ಹಿಡಿದು ಮುಂದೆ ಹೊರಟರು. "ಹುಲ್ಲುಲ್ಲಿಗೋ!" ಎಂದು ಅವರು ಕೂಗಿದರೆ "ಚಲ್ಲಂಬರಿಗೋ!" ಎಂದು ಮಕ್ಕಳು ಹಿಂದಿನಿಂದ ಕೂಗಿದವು. ಚರಗ ಮುಗಿಯಿತು. ಕಾಕಾ ಟವೆಲಿಗೆ ಕೈ ಒರೆಸಿದರು.

"ಹೂಂ ಮಾಸ್ತರ. ತೋರಸ್ರಿ."

ಇವರು ನನ್ನ ಹಣೆಬೊಟ್ಟಿನ ಕನ್ನಡಿ ತಂದಿದ್ದರು. ಅಂಚಿನ ಬಿರುಕಿನ ಮುಂದೆ ಕುಳಿತು ಕನ್ನಡಿಯನ್ನು ಸೂರ್ಯನ ಕಡೆ ಹಿಡಿದು ಓರೆ ಮಾಡಿದರು. ಬಿಸಿಲು ನೆಟ್ಟಗೆ ಬಿರುಕಿನೊಳಗೆ ಇಳಿಯಿತು.

"ಅಬಿದಾ, ಬಾ ಇಲ್ಲಿ. ಬೋರಲ ಬೀಳ. ಏನ್ ಕಾಣತೈತಿ ಹೇಳ."

ಅಬಿದಾ ಫಕೀರಸಾಬನ ಮಗಳು, ನಾಲ್ಕನೇ ಇಯತ್ತೆ. ಹೊಸ ಲಂಗ ಲೆಕ್ಕಿಸದೆ ಮಣ್ಣಲ್ಲಿ ಮಲಗಿ ಇಣುಕಿದಳು.

"ಕೂದಲಾ ಅದಾವ್ರಿ ಸರ್! ಬಿಳೀ ಕೂದಲಾ, ನಮ್ಮ ಗೌಸಬಿ ಅಜ್ಜಿ ತಲಿ ಹಂಗ!"

ಎಲ್ಲರೂ ನಕ್ಕರು. "ಅವು ಜೋಳದ ಬೇರು" ಎಂದರು ಇವರು. "ತಂತುಬೇರು. ಈ ಕಡೆ ಕುಸುಬಿ ಸಾಲಿನ ಬುಡಕ್ಕ ನೋಡ."

"ಒಂದ ದಪ್ಪಂದು ಐತ್ರಿ. ನೆಟ್ಟಗ ಕೆಳಗ ಹೋಗೈತಿ. ತಳ ಕಾಣವಲ್ದು."

"ಅದು ತಾಯಿಬೇರು. ಏನ್ ಮಾಡ್ತೈತಿ?"

"ನೀರ್ ಕುಡೀತೈತಿ. ಗಿಡ ಬೀಳದಂಗ ಹಿಡೀತೈತಿ."

ಕಾಕಾ ಬಾಯಿ ಹಾಕಿದರು. "ಏ ಹುಡುಗಿ, ಮತ್ತ ಸೋಗಿ ಯಾತಕ್ಕ? ಗಾಳಿಗಿ ಕುಣಿಯಾಕ?"

"ಅಡಗಿ ಮಾಡಾಕ್ರಿ ಮುತ್ಯಾ. ಬಿಸಲ ಅದರ ಒಲಿ."

"ದಂಟು?"

"ಕೆಳಗಿನ ನೀರು ಮ್ಯಾಲ ಒಯ್ತೈತಿ, ಮ್ಯಾಲಿನ ಅಡಗಿ ಕೆಳಗ ತರ್ತೈತಿ."

"ಅಂದ್ರ ನನ್ನಂಗ. ಹೊರೂದ ಕೆಲಸ" ಎಂದರು ಕಾಕಾ. ಅವರ ಹೆಂಡತಿ ಯಲ್ಲವ್ವ ಬುಟ್ಟಿ ಇಳಿಸಿ ಅಂದಳು: "ನೀವ್ ಯಾವಾಗ ಏನ್ ಹೊತ್ತೀರಿ? ಹೊತ್ತವರು ನಾವು." ಹೆಂಗಸರು ಬಿದ್ದು ಬಿದ್ದು ನಕ್ಕರು.

ನಗು ನಿಂತ ಮೇಲೆ ಕಾಕಾ ತಲೆಯ ರುಮಾಲು ತೆಗೆದು ಹೆಂಡತಿಯ ಕೈಗೆ ಕೊಟ್ಟರು. ಮೊಣಕಾಲು ಊರಿ, ಆಮೇಲೆ ಎದೆ ಊರಿ ಮಲಗಿದರು. ಬಿರುಕಿಗೆ ಕಣ್ಣು ಹಚ್ಚಿದರು. ಇವರು ಕನ್ನಡಿ ಹಿಡಿದೇ ಇದ್ದರು. ಕಾಕಾ ಬಹಳ ಹೊತ್ತು ಏಳಲಿಲ್ಲ.

"ಬೇರು ಹರದಾವಲ್ಲೋ ಮಾಸ್ತರ" ಎಂದರು ಕೆಳಗಿನಿಂದಲೇ. "ನೆಲ ಸೀಳಿದಲ್ಲಿ ಅರ್ಧ ಆ ಕಡಿ, ಅರ್ಧ ಈ ಕಡಿ."

"ಹೌದ್ರಿ. ಅದಕ್ಕ ನೀವು ಎಡಿ ಹೊಡೀತೀರಿ."

"ಹೊಡೀತೇವಿ. ನಮ್ಮಪ್ಪ ಹೊಡದಾನ, ಅವರಪ್ಪ ಹೊಡದಾನ. ಕಣ್ಣಿಲೆ ನೋಡಿದ್ದಿಲ್ಲ." ಎದ್ದು ಎದೆಯ ಮಣ್ಣು ಕೊಡವಿಕೊಂಡರು. ಅಂಚಿನ ಸಾಲನ್ನು ನೋಡುತ್ತ ನಿಂತರು. ಒಂದು ಸೋಗೆಯೂ ಹರಿದಿರಲಿಲ್ಲ. ನಾನೂ ನೋಡಿದೆ.

"ಶೆಡ್ಡು ಇರಲಿ" ಎಂದರು. "ನಾಳಿ ನಿಮ್ಮ ಹುಡುಗೂರನ್ನ ಕಳಸ್ರಿ. ಕುಂಟಿ ಹಾಯದಲ್ಲಿ ಕುರಪಿಲೆ ಬಿರಕು ಮುಚ್ಚೂಣು. ಹರದ ಬೇರು ಹರದಾವ, ಉಳದವು ಉಳೀಲಿ."

"ನಾನೂ ಬರ್ತೇನಿ."

"ನೀವ್ ಬ್ಯಾಡ್ರಿ ಮಾಸ್ತರ. ನಿಮ್ಮ ಕೈಯಾಗ ಏನ್ ಬಂದೀತೋ."

ಇವರೂ ಹೋದರು. ಅವತ್ತಿನಿಂದ ಪ್ರತಿ ವರ್ಷ ಎಳ್ಳಮಾಸಿಗೆ ಬೇರಿನ ಪಾಠ ಹೊಲದಲ್ಲಿ, ಮರುದಿನ ಬಿರುಕು ಮುಚ್ಚುವುದು. ಹೊಸ ಕೋಣೆ ಕಟ್ಟುವ ತನಕ ಶಾಲೆ ಶೆಡ್ಡಿನಲ್ಲೇ ನಡೆಯಿತು. ಆಮೇಲೆ ಹಳ್ಳದ ಕಾರಣಕ್ಕೆ ನನ್ನ ಹಾಗೆ ನಾಲ್ಕನೇ ಇಯತ್ತೆ ಮುಗಿಸದೆ ಮನೆಯಲ್ಲಿ ಕುಳಿತ ಹುಡುಗಿ ನಮ್ಮೂರಲ್ಲಿ ಒಬ್ಬಳೂ ಇಲ್ಲ. ಅದನ್ನು ಮಾಡಿದವರು ನನ್ನ ಗಂಡ.

ಈ ಸಲ ಎಳ್ಳಮಾಸಿಗೆ ಅವರಿಲ್ಲ. ಮನೆ ಬಣಗುಡುತ್ತದೆ. ಆದರೂ ಶಾಲೆಯ ಮಕ್ಕಳು ಮೊನ್ನೆಯೇ ಬಂದು, ಬೇರಿನ ಪಾಠ ಐತೇನ್ರಿ ಎಂದು ಕೇಳಿ ಹೋದವು. ಬರ್ರಿ ಎಂದಿದ್ದೇನೆ. ಬಿರುಕು ಎಲ್ಲಿದೆ ಎಂದು ನನಗೂ ಗೊತ್ತು.