ಸುಮಿತ್ರಾ ಮೇಡಂ ಹೇಳಿದ ನೀರು

ಸುಮಿತ್ರಾ ಮೇಡಂ ಯಾವಾಗಲೂ ನೀರಿಗೆ ಬೆನ್ನು ಹಾಕಿ ಕೂರುತ್ತಿದ್ದರು. ತುರುವೇಕೆರೆ ಕಡೆ ಒಂದು ಹಳ್ಳಕ್ಕೆ ಅಡ್ಡಗಟ್ಟಿ ಖಾಸಗಿಯವರು ನಡೆಸುತ್ತಿದ್ದ ಪುಟ್ಟ ವಿದ್ಯುದಾಗಾರ ನಮ್ಮದು. ನಾನು ಟರ್ಬೈನ್ ಆಪರೇಟರ್. ಕಂಟ್ರೋಲ್ ರೂಮಿನ ಕಿಟಕಿಯಿಂದ ನೋಡಿದರೆ ಕಟ್ಟೆಯ ನೀರೆಲ್ಲ ಕಾಣುತ್ತಿತ್ತು. ನಾಳೆ ಎಷ್ಟು ನೀರು ಬರುತ್ತದೆಂದು ಹೇಳುವುದೇ ಕೆಲಸವಾಗಿದ್ದ ಈ ಹೆಂಗಸು ಮಾತ್ರ ಗೋಡೆಯ ಕಡೆ ಮುಖ ಮಾಡಿ ಕಂಪ್ಯೂಟರ್ ಇಟ್ಟುಕೊಂಡಿದ್ದರು.

“ನೀರು ನೋಡ್ತಾ ಕೂತ್ರೆ ಮನಸು ಆಸೆ ಪಡ್ತದೆ ಕಣ್ರೀ. ಆಸೆಪಟ್ಟು ಲೆಕ್ಕ ಹಾಕಬಾರ್ದು,” ಅನ್ನುತ್ತಿದ್ದರು.

ಅವರು ತಿಪಟೂರಿನಲ್ಲಿ ಒಂದು ಕೊಬ್ಬರಿ ಮಂಡಿಯ ಮಹಡಿಯ ಮೇಲೆ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದವರು. ನಮ್ಮಲ್ಲಿಗೆ ಬಂದಮೇಲೂ ಅವರ ಸೀರೆಗೆ ಒಣಕೊಬ್ಬರಿಯ ವಾಸನೆ ಇರುತ್ತಿತ್ತು. ಈಗ ಎಲ್ಲರ ಬಾಯಲ್ಲೂ ಇರುವ ಎಐ ಎಂಬ ಮಾತು ನಮ್ಮ ಕಡೆ ಯಾರಿಗೂ ಗೊತ್ತಿಲ್ಲದ ಕಾಲ ಅದು. ತಮ್ಮ ಕಂಪ್ಯೂಟರಿನಲ್ಲಿದ್ದ ಪ್ರೋಗ್ರಾಮನ್ನು ಅವರು ‘ನ್ಯೂರಲ್ ನೆಟ್‌ವರ್ಕ್’ ಅನ್ನುತ್ತಿದ್ದರು. “ಇದಕ್ಕೆ ಸೂತ್ರ ಹೇಳ್ಕೊಡಲ್ಲ. ಹಿಂದಿನ ವರ್ಷಗಳ ಮಳೆ, ಹಳ್ಳದ ಮಟ್ಟ ತೋರಿಸ್ತೀವಿ. ತಾನೇ ಕಲೀತದೆ.” ಎಷ್ಟು ನೀರು ಬರುತ್ತದೆಂದು ಅದು ಹೇಳಿದರೆ, ಯಾವ ಹೊತ್ತಿಗೆ ಯಾವ ಟರ್ಬೈನ್ ಓಡಿಸಬೇಕೆಂದು ಮೊದಲೇ ಗೊತ್ತಾಗುತ್ತಿತ್ತು. ಆ ವರ್ಷದ ಮಳೆಗಾಲದಲ್ಲಿ ಹೆಚ್ಚುಕಡಿಮೆ ಸರಿಯಾಗಿಯೇ ಹೇಳಿತು. ಮ್ಯಾನೇಜರ್ ಶಿವಲಿಂಗಯ್ಯನವರು ಬಂದವರಿಗೆಲ್ಲ ಕಂಪ್ಯೂಟರ್ ತೋರಿಸಿ ಬೀಗುತ್ತಿದ್ದರು.

ಮಳೆ ಮುಗಿದಮೇಲೆ ಒಂದು ದಿನ, ಸುಡುವ ಬಿಸಿಲು. ಮೇಡಂ ಇದ್ದಕ್ಕಿದ್ದಂತೆ ಕುರ್ಚಿ ತಿರುಗಿಸಿ ಕಿಟಕಿಯಾಚೆ ನೋಡಿದರು. ನಾನು ಎದ್ದು ಅವರ ಹತ್ತಿರ ಹೋದೆ.

“ಇವತ್ತು ಸಂಜೆ ಒಳಗೆ ಪ್ರವಾಹ ಅಂತೈತೆ,” ಅಂದರು.

ಮೇಲಿನ ಊರುಗಳಿಗೆ ಫೋನ್ ಮಾಡಿದೆವು. ಎಲ್ಲೂ ಒಂದು ಹನಿ ಇಲ್ಲ. ಗೇಟ್ ತೆಗೆದು ಕಟ್ಟೆಯ ನೀರು ಇಳಿಸೋಣವೆಂದರೆ ಶಿವಲಿಂಗಯ್ಯನವರು ಒಪ್ಪಲಿಲ್ಲ. “ಮೋಡಾನೇ ಇಲ್ಲ. ಸಂಜೆ ಕರೆಂಟಿಗೆ ಇರೋ ನೀರನ್ನ ಸುಮ್ನೆ ಬುಟ್ಬುಡಾದಾ? ಮಿಷಿನ್ನಿಗೆ ತಲೆ ಕೆಟ್ಟೈತೆ, ಬುಡಿ.”

ಮೇಡಂ ಹಳ್ಳದ ಕಡೆ ಹೊರಟರು. ನಾನೂ ಹಿಂದೆ ಹೋದೆ. ಕಟ್ಟೆಯ ಕೆಳಗೆ ಹಳ್ಳದ ಗುಂಡಿಗಳಲ್ಲಿ ತೆಂಗಿನ ಮಟ್ಟೆ ನೆನೆಹಾಕಿ ನಾರು ಬಡಿಯುವ ಹೆಂಗಸರು ಸೊಂಟದವರೆಗೆ ನೀರಲ್ಲಿ ನಿಂತಿದ್ದರು. ಮೇಲಕ್ಕೆ ಬನ್ನಿ ಎಂದರೆ ರಂಗಮ್ಮ ಎಂಬಾಕೆ ನಕ್ಕಳು. “ನೀರು ಎಲ್ಲಿಂದ ಬತ್ತದೆ ಕಣವ್ವಾ?”

ಮೇಡಂ ಚಪ್ಪಲಿ ಬಿಟ್ಟು, ಸೀರೆಯಲ್ಲೇ ನೀರಿಗಿಳಿದು ಅವಳ ಪಕ್ಕ ನಿಂತರು. “ನೀವು ಹತ್ತಗಂಟ ನಾನೂ ಹತ್ತಲ್ಲ.”

ಗೊಣಗುತ್ತಲೇ ಎಲ್ಲರೂ ಹತ್ತಿದರು. ಸ್ವಲ್ಪ ಹೊತ್ತಿಗೆ ಹಕ್ಕಿಗಳ ಸದ್ದು ನಿಂತಿತು. ಕೆಂಪು ನೀರು ಕಟ್ಟೆಯ ನೆತ್ತಿ ದಾಟಿ ಬಂತು. ಮೊದಲು ಸದ್ದೇ ಇರಲಿಲ್ಲ, ಆಮೇಲೆ ಬರೀ ಸದ್ದು. ಅವರು ನಿಂತಿದ್ದ ಗುಂಡಿಗಳು ಮಟ್ಟೆ ಸಮೇತ ಕಾಣದಾದವು. ಮೇಲೆಲ್ಲೋ ಒಂದು ಹಳೆಯ ಕೆರೆಯ ಏರಿ ಒಡೆದಿತ್ತೆಂದು ಆಮೇಲೆ ತಿಳಿಯಿತು.

ಆ ಕೆರೆಯ ವಿಷಯ ಕಂಪ್ಯೂಟರಿಗೆ ಯಾರೂ ಹೇಳಿರಲಿಲ್ಲ.

ಊರವರು ಮೇಡಂಗೆ ಹಾರ ಹಾಕಲು ಬಂದರು. ಅವರು ಬೇಡವೆಂದರು. ಮಾರನೆಯ ದಿನ ಅವೇ ಅಂಕಿಗಳನ್ನು ಮತ್ತೆ ಕೊಟ್ಟು ನೋಡಿದರು; ಕಂಪ್ಯೂಟರ್ ಮಳೆಯಿಲ್ಲದ ದಿನದ ಸಣ್ಣ ಹರಿವನ್ನಷ್ಟೇ ಹೇಳಿತು. ಎಷ್ಟು ಸಲ ಕೊಟ್ಟರೂ ಅಷ್ಟೇ.

“ತಪ್ಪು ಹೇಳಿದ್ರೆ ತಿದ್ದಬೋದು ಕಣ್ರೀ,” ಅಂದರು. “ಇದು ಸರಿ ಹೇಳೈತೆ. ಯಾಕೆ ಅಂತ ಗೊತ್ತಾಗ್ತಿಲ್ಲ.”

ಅಲ್ಲಿಂದಾಚೆಗೆ ರಂಗಮ್ಮ ದಿನಾ ಬೆಳಿಗ್ಗೆ ಕಿಟಕಿಯ ಹತ್ತಿರ ಬಂದು ಕೂಗುತ್ತಿದ್ದಳು: “ಮೇಡಮ್ಮಾ, ಇವತ್ತು ಇಳೀಬೋದಾ?” ಹೂಂ ಅನ್ನುವಾಗ ಮೇಡಂ ಮುಖ ಬಿಳಿಚಿಕೊಳ್ಳುತ್ತಿತ್ತು.

ಬೇಸಿಗೆಯಲ್ಲಿ, ಹಳ್ಳ ಪೂರಾ ಬತ್ತುವ ಹೊತ್ತಿಗೆ, ಕಂಪ್ಯೂಟರ್ ಮತ್ತೊಮ್ಮೆ ಪ್ರವಾಹ ಅಂದಿತು. ಈ ಸಲ ಶಿವಲಿಂಗಯ್ಯನವರೇ ಓಡಿಹೋಗಿ ಹೆಂಗಸರನ್ನು ಹತ್ತಿಸಿದರು. ಎಲ್ಲರೂ ದಡದಲ್ಲಿ ಕೂತು ಕಾದೆವು. ನೀರು ಬರಲಿಲ್ಲ. ಹೊತ್ತು ಮುಳುಗಿದಾಗ ಒಬ್ಬೊಬ್ಬರೇ ಎದ್ದು ಹೋದರು. ಮೇಡಂ ಏಳಲಿಲ್ಲ. ಅದೇ ವಾರ ಕೆಲಸ ಬಿಟ್ಟರು. ಆಮೇಲೆ ವಿದ್ಯುದಾಗಾರವೂ ನಷ್ಟದಲ್ಲಿ ಮುಚ್ಚಿತು.

ಕೆಲವು ವರ್ಷಗಳ ನಂತರ ಕಿಬ್ಬನಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅವರು ಸಿಕ್ಕರು. ತುಂಬಾ ಸೊರಗಿದ್ದರು. ಯೋಗಕ್ಷೇಮ ಏನೂ ಕೇಳದೆ, ದನಿ ತಗ್ಗಿಸಿ, “ಆ ನೀರು ಬಂತಾ?” ಅಂದರು.

ಯಾವ ನೀರೆಂದು ನಾನು ಕೇಳಬೇಕಾಗಲಿಲ್ಲ. “ಇಲ್ಲ ಮೇಡಂ.”

“ಕೆಳಗೆ ಯಾರೂ ಇಳೀತಿಲ್ಲ ತಾನೇ?”

“ಇಲ್ಲ,” ಅಂದೆ. ಸಮಾಧಾನವಾಗಲಿ ಎಂದು ಹೇಳಿದ ಸುಳ್ಳು. ಅವರು ತಲೆಯಾಡಿಸಿ ತಿಪಟೂರಿನ ಬಸ್ಸು ಹತ್ತಿದರು. ಮತ್ತೆ ಅವರನ್ನು ನೋಡಲಿಲ್ಲ. ಮುಂದಿನ ವರ್ಷ ತೀರಿಕೊಂಡರೆಂದು ಕೇಳಿದೆ.

ಅವರು ಬಸ್ಸು ಹತ್ತಿ ಹೋದ ಆ ದಿನ ನಾನು ಮನೆಗೆ ಹೋಗದೆ ನೇರವಾಗಿ ಹಳ್ಳಕ್ಕೆ ಹೋದೆ. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಹೆಂಗಸರು ಗುಂಡಿಗಳಲ್ಲಿ ಮಟ್ಟೆ ತುಳಿಯುತ್ತಿದ್ದರು. ಮೇಲಕ್ಕೆ ಬನ್ನಿ ಎಂದು ಕೂಗಿದೆ.

ರಂಗಮ್ಮ ತಲೆಯೆತ್ತಿದಳು. “ಯಾಕಪ್ಪಾ?”

ನಾನು ನೀರಿಗಿಳಿಯಲು ಚಪ್ಪಲಿ ಬಿಟ್ಟೆ. ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಏನೂ ಕೇಳದೆ, ಎಲ್ಲರಿಗಿಂತ ಮೊದಲು ದಡ ಹತ್ತಿದಳು.