ಸುಗುಣ ಟೀಚರ್ ಬರೆದ ಪಾಠಗಳು

ನಮ್ಮ ಚರ್ಚ್ ಸಭೆಯ ಮೇಲ್ ಗ್ರೂಪಿನಲ್ಲಿ ಒಂದೂವರೆ ವರ್ಷ, ವಾರ ತಪ್ಪದೆ ನನ್ನ ಹೆಸರಿನಲ್ಲಿ ಬಂದ ಸತ್ಯವೇದ ಪಾಠಗಳಲ್ಲಿ ಒಂದನ್ನೂ ನಾನು ಬರೆದಿಲ್ಲ. ಅವನ್ನು ಬರೆದವರು ಸುಗುಣ ಟೀಚರ್. ಇಷ್ಟೇ ಆಗಿದ್ದರೆ ಕಳ್ಳತನ ಎಂದು ಹೇಳಿ ಮುಗಿಸಬಹುದಿತ್ತು. ನಾನು ಮಾಡಿದ್ದು ಅದಕ್ಕಿಂತ ಕೀಳು — ಅವರು ಬರೆದದ್ದನ್ನು ಯಾರೂ ಓದುತ್ತಿಲ್ಲ ಎಂದು ಅವರನ್ನೇ ನಂಬಿಸಿದೆ.

ಟೀಚರ್ ಯಾರೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಕಂಟೋನ್ಮೆಂಟಿನ ನಮ್ಮ ಕನ್ನಡ ಸಭೆಯಲ್ಲಿ ಮೂವತ್ತು ವರ್ಷ ಸಂಡೇ ಸ್ಕೂಲ್ ನಡೆಸಿದವರು. ಮದುವೆಯಾಗಲಿಲ್ಲ, ಸಭೆಯ ಮಕ್ಕಳನ್ನೇ 'ನಮ್ಮ ಮಕ್ಕಳು' ಎನ್ನುತ್ತಿದ್ದರು. ಹಲಸೂರು ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಮಹಡಿಯ ಮೇಲಿನ ಒಂದು ಕೋಣೆ ಅವರ ಮನೆ. ಮಂಡಿನೋವು ಹೆಚ್ಚಾಗಿ ಮೆಟ್ಟಿಲು ಇಳಿಯಲಾಗದೆ ಹೋದಾಗ ದೇವಾಲಯಕ್ಕೆ ಬರುವುದು ನಿಂತಿತು. ಆಮೇಲೆ ಅವರನ್ನು ನೋಡಲು ಹೋಗುವವರೂ ನಿಂತರು. ನಾವೆಲ್ಲ ಅವರ ಬಳಿ ಕಲಿತವರೇ, ಆದರೂ.

ಎರಡು ಸಾವಿರದ ಇಸವಿಯ ನಂತರದ ಮೊದಲ ವರ್ಷಗಳು ಅವು. ಇಂದಿರಾನಗರದ ನನ್ನ ಆಫೀಸಿನಲ್ಲಿ ಇಂಟರ್ನೆಟ್ ಇತ್ತು. ಸಭೆಯಲ್ಲಿ ಕಂಪ್ಯೂಟರ್ ಮುಟ್ಟಿದವರೇ ಕಡಿಮೆ. ಹಾಳೂರಿಗೆ ಉಳಿದವನೇ ಗೌಡ ಎನ್ನುವ ಹಾಗೆ ನಾನೇ ಪಂಡಿತನಾದೆ. ಊರು ಬಿಟ್ಟುಹೋದ ಸಭೆಯವರಿಗೆಂದು ಮೇಲ್ ಗ್ರೂಪ್ ಶುರುಮಾಡಿದೆ. ಯಾರು ಏನು ಬರೆದರೂ ಮೊದಲು ನನಗೆ ಬರುತ್ತಿತ್ತು. ನಾನು ಒಪ್ಪಿದರೆ ಮಾತ್ರ ಎಲ್ಲರಿಗೂ ಹೋಗುತ್ತಿತ್ತು. ವಾರಕ್ಕೊಂದು ಪಾಠ ಹಾಕುತ್ತೇನೆಂದು ಜಂಬದಿಂದ ಹೇಳಿಬಿಟ್ಟಿದ್ದೆ. ಬರೆಯಲು ಕೂತರೆ ನಾಲ್ಕು ಸಾಲು ಹುಟ್ಟಲಿಲ್ಲ. ಟೀಚರ್ ಬಳಿ ಓಡಿದೆ.

"ಎಲ್ರಿಗೂ ಹೋಗುತ್ತಾ ಜಯಕರ? ನಮ್ಮ ಮಕ್ಳೆಲ್ಲಾ ಓದ್ತಾರಾ?" ಎಂದರು. ಅವರ ಮುಖದಲ್ಲಿ ಆಗ ಕಂಡ ಸಂತೋಷ — ಅದನ್ನು ನೋಡಿಯೂ ನಾನು ಮುಂದಿನದನ್ನೆಲ್ಲ ಮಾಡಿದೆ.

ಭಾನುವಾರ ಆರಾಧನೆ ಮುಗಿಸಿ ಅವರ ಮನೆಗೆ ಹೋಗುತ್ತಿದ್ದೆ. ಗೆರೆ ಹಾಳೆಯಲ್ಲಿ ಗುಂಡಗೆ ಬರೆದಿಟ್ಟಿರುತ್ತಿದ್ದರು. ಸೋಮವಾರ ಊಟದ ಬಿಡುವಿನಲ್ಲಿ ಆ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿ ಕಳಿಸುತ್ತಿದ್ದೆ. ಮೊದಲ ವಾರ ಕೊನೆಯಲ್ಲಿ ಅವರ ಹೆಸರು ಹಾಕಲು ಮರೆತೆ. ಅದು ನಿಜವಾಗಿಯೂ ಮರೆವು. ಮೇಲೆ ಕಳಿಸಿದವನ ಹೆಸರು ಇದ್ದೇ ಇರುತ್ತದಲ್ಲ — ಸಂಜೆಯೊಳಗೆ ಉತ್ತರಗಳು ಬರತೊಡಗಿದವು. 'ಜಯಕರ್ ಅಣ್ಣ, ಓದಿ ಕಣ್ಣು ತುಂಬಿತು.' 'ಬ್ರದರ್, ಇಷ್ಟು ದಿನ ಎಲ್ಲಿ ಅಡಗಿದ್ದಿರಿ?' ಮುಂದಿನ ಭಾನುವಾರ ನಮ್ಮ ಪಾಸ್ಟರ್ ಅಯ್ಯನವರು ಪ್ರಕಟಣೆಗಳ ನಡುವೆ ನನ್ನ ಹೆಸರು ಹೇಳಿ ಎದ್ದು ನಿಲ್ಲಲು ಹೇಳಿದರು. ನಿಂತೆ. ನನ್ನನ್ನು ಯಾರೂ ಹಾಗೆ ನಿಲ್ಲಿಸಿ ಹೊಗಳಿದ್ದೇ ಇರಲಿಲ್ಲ. ತುಂಬಾ ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ.

ಅದೇ ಮಧ್ಯಾಹ್ನ ಟೀಚರ್ ಕೇಳಿದರು: "ಯಾರಾದ್ರೂ ಏನಾದ್ರೂ ಬರೆದ್ರೇನಪ್ಪ?"

ಹೌದು ಎಂದರೆ ತೋರಿಸು ಎನ್ನುತ್ತಾರೆ. ತೋರಿಸಿದರೆ ಪ್ರತಿಯೊಂದರಲ್ಲೂ ನನ್ನ ಹೆಸರು.

"ಇಲ್ಲ ಟೀಚರ್. ಯಾರೂ ಏನೂ ಬರ್ದಿಲ್ಲ."

"ಹೋಗ್ಲಿ ಬಿಡು, ಓದಿರ್ತಾರೆ" ಎಂದು ಮುಂದಿನ ಹಾಳೆ ಕೈಗಿಟ್ಟರು. ಮರುವಾರವೂ ಕೇಳಿದರು, ನಾನು ಅದನ್ನೇ ಹೇಳಿದೆ. ಕೆಲವು ತಿಂಗಳ ಮೇಲೆ ಕೇಳುವುದನ್ನು ಬಿಟ್ಟು, ನಾನು ಒಳಗೆ ಬಂದ ಕೂಡಲೇ ಮುಖ ನೋಡುವುದಷ್ಟೇ ಮಾಡುತ್ತಿದ್ದರು. ನಾನು ಚಪ್ಪಲಿ ಬಿಡುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದೆ.

ವರ್ಷ ದಾಟಿತು. ಒಂದು ಪಾಠದಲ್ಲಿ ಟೀಚರ್, ಬಾವಿಯ ಬಳಿ ಕೊಡ ಬಿಟ್ಟು ಊರೊಳಗೆ ಓಡಿದ ಸಮಾರ್ಯದ ಹೆಂಗಸಿನ ಬಗ್ಗೆ ಬರೆದಿದ್ದರು. ಆ ದಿನ ಅವಳ ಮನೆಯಲ್ಲಿ ಅಡುಗೆಗೆ ನೀರು ಎಲ್ಲಿಂದ ಬಂತು, ಕೊಡ ಮನೆಗೆ ತಂದವರು ಯಾರು ಎಂದು ಕೇಳಿದ್ದರು. ಬೀದಿ ನಲ್ಲಿಯಲ್ಲಿ ಸರತಿ ನಿಂತು ನೀರು ಹೊತ್ತವರಿಗೆ ಮಾತ್ರ ಹೊಳೆಯುವ ಪ್ರಶ್ನೆ. ಅದಕ್ಕೆ ಕುವೈತಿನಿಂದ ಒಂದು ಮೇಲ್ ಬಂತು. ಬರೆದವಳು ಪ್ರಮೀಳಾ — ಕೆ.ಆರ್. ಪುರದ ಹುಡುಗಿ, ಅಲ್ಲಿ ನರ್ಸ್.

'ಅಣ್ಣ, ನಾನು ಚಿಕ್ಕವಳಿದ್ದಾಗ ಸುಗುಣ ಟೀಚರ್ ನಮಗೆ ಇದೇ ಪ್ರಶ್ನೆ ಕೇಳಿದ್ದರು. ಅಮ್ಮ ತೀರಿಕೊಂಡ ವರ್ಷ ನನ್ನನ್ನು ಸಾಕಿದವರೇ ಅವರು. ಎಲ್ಲಿದ್ದಾರೆ? ಗ್ರೂಪಿನಲ್ಲಿ ಯಾರಿಗಾದರೂ ಗೊತ್ತಾ?'

ಅವಳು ನನ್ನನ್ನು ಅನುಮಾನಿಸಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನು ನಾನು. ಆ ಮೇಲನ್ನು ಗ್ರೂಪಿಗೆ ಬಿಡಲಿಲ್ಲ, ಅಳಿಸಿದೆ. ಅವಳೊಬ್ಬಳಿಗೆ ಒಂದು ಸಾಲು ಬರೆದೆ — ಟೀಚರ್ ಬೆಂಗಳೂರು ಬಿಟ್ಟು ಹೋಗಿದ್ದಾರೆ, ವಿಳಾಸ ಯಾರ ಬಳಿಯೂ ಇಲ್ಲ. ಹಿಂದಿನ ದಿನ ತಾನೇ ಟೀಚರ್ ಮಾಡಿಕೊಟ್ಟ ಉಪ್ಪಿಟ್ಟು ತಿಂದು ಬಂದಿದ್ದೆ.

ಕೆಲವು ವಾರಗಳ ನಂತರ ಹೋದಾಗ ಹಾಳೆ ಇರಲಿಲ್ಲ.

"ಸಾಕು ಬಿಡಪ್ಪ. ಯಾರಿಗೂ ಬೇಡದ್ದನ್ನ ಬರ್ದು ನಿನಗೂ ಕೆಲ್ಸ ಕೊಡ್ತಿದ್ದೀನಿ. ಮಕ್ಳು ದೊಡ್ಡೋರಾದ್ರು. ನನ್ನ ಪಾಠ ಅವ್ರಿಗೆ ಇನ್ಯಾಕೆ?"

ಆಗಲಾದರೂ ಹೇಳಬಹುದಿತ್ತು. ಪ್ರಮೀಳಾ ನಿಮ್ಮನ್ನು ಕೇಳಿದಳು ಎಂಬ ಒಂದೇ ಮಾತು — ಅದನ್ನೂ ಹೇಳದೆ ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದೆ. ಪಾಠ ಯಾಕೆ ನಿಂತಿತೆಂದು ಗ್ರೂಪಿನವರು ಕೇಳಿದಾಗ ಕೆಲಸದ ಒತ್ತಡ ಎಂದೆ. ನನಗಾಗಿ ಪ್ರಾರ್ಥಿಸುತ್ತೇವೆ ಎಂದು ಬರೆದರು, ಪಾಪ.

ಎರಡು ವರ್ಷದಲ್ಲಿ ಟೀಚರ್ ಹೋಗಿಬಿಟ್ಟರು. ಆ ಸುದ್ದಿಯನ್ನೂ ನಾನು ಗ್ರೂಪಿಗೆ ಹಾಕಲಿಲ್ಲ. ಹಾಕಿದ್ದರೆ ಪ್ರಮೀಳಾ ಓದುತ್ತಿದ್ದಳು. ಸಮಾಧಿಯ ಬಳಿ ನಿಂತವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಕೀರ್ತನೆ ಎರಡನೆಯ ಚರಣಕ್ಕೇ ಸೊರಗಿತು. ನನ್ನ ಹೆಸರಿನ ಕೆಳಗೆ ಅವರನ್ನು ಓದಿ ಅತ್ತವರಲ್ಲಿ ಯಾರಿಗೂ ಅವರು ಸತ್ತದ್ದು ಗೊತ್ತಿರಲಿಲ್ಲ.

ಈಗ ಇದನ್ನು ಹಳೆಯ ಗ್ರೂಪಿನ ಎಲ್ಲರಿಗೂ ಕಳಿಸುತ್ತಿದ್ದೇನೆ. ಆ ಪಾಠಗಳನ್ನು ಇಟ್ಟುಕೊಂಡವರಿದ್ದರೆ ದಯವಿಟ್ಟು ನನ್ನ ಹೆಸರು ಹೊಡೆದುಹಾಕಿ ಅವರ ಹೆಸರು ಬರೆಯಿರಿ. ಕಳಿಸುವ ಮೊದಲು ಪ್ರಮೀಳಾಳ ನಂಬರ್ ಹುಡುಕಿ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಬೈದರೆ ಹಗುರವಾಗುತ್ತದೆ ಎಂದುಕೊಂಡಿದ್ದೆನೋ ಏನೋ. ಅವಳು ಬೈಯಲಿಲ್ಲ.

"ನಿಮಗೆ ಮೇಲ್ ಬರೆದ ವರ್ಷವೇ ಕ್ರಿಸ್‌ಮಸ್‌ಗೆ ಬಂದಿದ್ದೆ ಅಣ್ಣ" ಎಂದಳು. "ಒಂದು ತಿಂಗ್ಳು ಕೆ.ಆರ್. ಪುರದಲ್ಲೇ ಇದ್ದೆ. ಹಲಸೂರಿಗೆ ಒಂದೇ ಬಸ್ಸು."